ಸೂರು ಇಳಿಸಿದ ಕಲ್ಲುಮನೆ ಪಾಳಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ ಐವತ್ತೆಂಟರ ಹೆಂಗಸೊಬ್ಬಳು ಕಲ್ಲುಮನೆಯ ಗೋಡೆ ಹತ್ತಿ ಕೂತು ಸೂರು ಬಿಚ್ಚುತ್ತಿದ್ದಾಳೆ. ಹಾರೆಯಿಂದ ಚಪ್ಪಡಿಯನ್ನು ಮೀಟುತ್ತಾಳೆ, ಹಗ್ಗ ಬಿಗಿಯುತ್ತಾಳೆ, ಕೆಳಗೆ ನಿಂತ ನಾದಿನಿಗೆ "ಹಿಡ್ಕೊ" ಎನ್ನುತ್ತಾಳೆ. ಒಂದೊಂದು ಚಪ್ಪಡಿ ಬೆಳೆದ ಕುರಿಯಷ್ಟು ತೂಕ.

"ನಿಧಾನ ಅತ್ತಿಗೆ. ಕಾಲ್ಮೇಲೆ ಬಿದ್ರೆ ನನ್ ಬದಲು ಅಣಬೆ ಆರಿಸೋಕೆ ನಮ್ಮಣ್ಣ ಹೋಗ್ತಾನಾ?"

"ನಿಮ್ಮಣ್ಣಂಗೆ ಅಣಬೆಗೂ ಕುರಿ ಹಿಕ್ಕೆಗೂ ವ್ಯತ್ಯಾಸ ಗೊತ್ತಾಗೋದು ತಿಂದ ಮೇಲೇನೇ. ಹಗ್ಗ ಬಿಡ್ತಿದೀನಿ, ನೋಡ್ಕೊ."

ಊರವರು ಇವಳನ್ನು ಕಲ್ಲಕ್ಕ ಎನ್ನುತ್ತಾರೆ. ಇಲ್ಲಿರುವ ಹತ್ತೊಂಬತ್ತು ಕಲ್ಲುಮನೆಗಳನ್ನು ನಿಲ್ಲಿಸಿಕೊಂಡು ಬಂದವಳು ಇವಳೇ. ಗೋಡೆಗೆ ಗಾರೆಯಿಲ್ಲ, ಸಿಮೆಂಟಿಲ್ಲ. ಕಲ್ಲಿನ ಮೇಲೆ ಕಲ್ಲು, ಸಂದಿಗೊಂದು ಚಿಕ್ಕ ಕಲ್ಲು. ಮೇಲೆ ಮರದ ತೊಲೆ, ತೊಲೆಯ ಮೇಲೆ ಚಪ್ಪಡಿ. ಬೇಸಿಗೆಯಲ್ಲಿ ಕುರಿಯವರು ಮಂದೆಯೊಂದಿಗೆ ಬಂದು ಇಲ್ಲಿ ತಂಗುತ್ತಾರೆ. ಅಣಬೆ, ಬೇರು ಆರಿಸುವವರು ಮಳೆ ಹೊಡೆದಾಗ ಓಡಿಬಂದು ಒಳಗೆ ನುಗ್ಗುತ್ತಾರೆ. ಹಿಮ ಬೀಳುವ ಮೊದಲು ಎಲ್ಲರೂ ಬೆಟ್ಟ ಇಳಿಯುತ್ತಾರೆ. ಇಳಿಯುವಾಗ ಸೂರನ್ನೂ ಇಳಿಸಿ ಹೋಗುವುದು ಇಲ್ಲಿನ ಪದ್ಧತಿ. ಆಳುದ್ದ ಹಿಮ ಬಿದ್ದರೆ ಯಾವ ತೊಲೆಯೂ ತಡೆಯುವುದಿಲ್ಲ. ಚಪ್ಪಡಿ ಮನೆಯೊಳಗೇ ಒರಗಿರುತ್ತದೆ, ತೊಲೆ ಗೋಡೆಯ ಬುಡದಲ್ಲಿ ಮಲಗಿರುತ್ತದೆ.

ಈ ಪದ್ಧತಿಯೇ ಈಗ ಮುಳುವಾಗಿದೆ. ಈ ವರ್ಷ ಹಿಮ ಕರಗಿದ ಹೊಸದರಲ್ಲಿ, ಮಂದೆಗಳು ಹತ್ತುವ ಮೊದಲೇ, ಸರ್ವೆ ಸಾಹೇಬರೊಬ್ಬರು ಬಂದು ನೋಡಿದರು. ಹತ್ತೊಂಬತ್ತು ಮನೆ, ಒಂದಕ್ಕೂ ಸೂರಿಲ್ಲ. 'ಪಾಳು' ಎಂದು ಬರೆದುಕೊಂಡು ಹೋದರು. ಪಾಳು ಮನೆಗಳನ್ನು ಕೆಡವಿ, ಕಲ್ಲನ್ನು ಕೆಳಗಿನ ರಸ್ತೆಯ ತಡೆಗೋಡೆಗೆ ಸಾಗಿಸಬೇಕೆಂದು ಕಾಗದ ಬಂತು. ಕಲ್ಲಕ್ಕ ನಾಲ್ಕು ತಾಸು ನಡೆದು ಆಫೀಸಿಗೆ ಹೋಗಿ ತಕರಾರು ಕೊಟ್ಟಳು. ಹಿಮದ ಕಾಲದ ಹೊಸ್ತಿಲಲ್ಲಿ ಮತ್ತೊಮ್ಮೆ ತಪಾಸಣೆ ಎಂದರು. ಅದಕ್ಕಿನ್ನೂ ಒಂಬತ್ತು ದಿನ ಇದೆ.

ಹಾಗಿದ್ದೂ ಇವಳು ಸೂರು ಬಿಚ್ಚುತ್ತಿದ್ದಾಳೆ.

"ಎಲ್ಲರೂ ಬೇಡ ಅಂದ್ರು. ನಿಮ್ ತಲೆ ಕೆಟ್ಟಿದೆಯಾ ಅಂತ ಇವಳೇ ಬೈದ್ಲು," ಎಂದು ಕಲ್ಲಕ್ಕ ನಾದಿನಿಯ ಕಡೆ ಗಲ್ಲ ಎತ್ತಿ ತೋರಿಸುತ್ತಾಳೆ.

"ಈಗ್ಲೂ ಬೈತೀನಿ," ಎನ್ನುತ್ತಾಳೆ ನಾದಿನಿ, ಚಪ್ಪಡಿ ಒರಗಿಸುತ್ತ.

ಮೊದಲು ಕಲ್ಲಕ್ಕನೂ ಹೆದರಿದ್ದಳು. ಸಾಹೇಬರು ಬರುವವರೆಗೆ ಸೂರು ಹಾಗೇ ಇರಲಿ ಎಂದು ಎಲ್ಲರ ಜೊತೆ ತಾನೂ ತಲೆಯಾಡಿಸಿದ್ದಳು. ಹೋದ ವಾರ ಹಿಮ ಹೊತ್ತಿಗೆ ಮುಂಚೆ ಬಿತ್ತು, ಒಂದೇ ದಿನ. ತುದಿಯ ಎರಡು ಮನೆಗಳ ತೊಲೆ ಮುರಿದು ಚಪ್ಪಡಿಗಳು ಒಳಗೆ ಕುಸಿದವು. ಒಂದರ ಹಿಂಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿದೆ. "ಅವ್ರು ಬರೆದಿದ್ದು ಸುಳ್ಳಾಗಿತ್ತು," ಎನ್ನುತ್ತಾಳೆ. "ನಾವೇ ಹೆದರ್ಕೊಂಡು ನಿಜ ಮಾಡಿಬಿಟ್ವಿ."

ಮರುದಿನವೇ ಹಾರೆ ತಗೊಂಡು ಬಂದಳು. ಆಫೀಸಿಗೂ ಫೋನು ಮಾಡಿಸಿದಳು. "ನಾನು ಬಂದು ನೋಡೋವರೆಗೆ ಸೂರು ಮುಟ್ಟಬೇಡಿಮ್ಮ," ಎಂದರು ಸಾಹೇಬರು. ಇವಳು, "ಹಿಮಕ್ಕೂ ಒಂದು ಮಾತು ಹೇಳ್ಬಿಡಿ ಸ್ವಾಮಿ," ಎಂದಳಂತೆ.

ಹದಿನೆಂಟಕ್ಕೆ ಸೊಸೆಯಾಗಿ ಬಂದವಳಿಗೆ ಕಲ್ಲಿನ ಕೆಲಸ ಕಲಿಸಿದ್ದು ಮಾವ. ಮಾವನ ಮಗ, ಇವಳ ಗಂಡ, ಕುರಿಯ ಹಿಂದೆಯೇ ಇರುತ್ತಿದ್ದ, ಕಲ್ಲು ಅವನ ಕೈಗೆ ಹತ್ತಲಿಲ್ಲ. ಇವಳ ಎಡಗೈಯ ಎರಡು ಬೆರಳು ಚಪ್ಪಡಿಯಡಿ ಸಿಕ್ಕಿ ಈಗ ಮಡಚುವುದಿಲ್ಲ. ಮನೆಯೊಂದಕ್ಕೆ ನಲವತ್ತರ ಆಸುಪಾಸು ಚಪ್ಪಡಿ. ದಿನಕ್ಕೆ ಎರಡು ಮನೆ. ಸಂಜೆ ಸೊಂಟ ನೆಟ್ಟಗಾಗಲು ಒಂದಷ್ಟು ಹೊತ್ತು ಗೋಡೆ ಹಿಡಿದು ನಿಲ್ಲಬೇಕು.

ನಿಜ ಹೇಳಬೇಕೆಂದರೆ, ಹತ್ತೊಂಬತ್ತರಲ್ಲಿ ಈಗ ಮಂದೆ ತಂಗುವುದು ಆರರಲ್ಲಿ ಮಾತ್ರ. ಉಳಿದ ಹದಿಮೂರರ ವಾರಸುದಾರರು ಎಂದೋ ಕುರಿ ಮಾರಿ ಹೋದರು. ಅವುಗಳ ಸೂರನ್ನೂ ಪ್ರತಿವರ್ಷ ಏರಿಸಿ ಇಳಿಸುವುದು ಯಾರಿಗಾಗಿ ಎಂದು ಕೇಳಿದರೆ ಕಲ್ಲಕ್ಕ ರೇಗುತ್ತಾಳೆ. "ಆಲಿಕಲ್ಲು ಬಿದ್ದಾಗ ಬಾಗಿಲಲ್ಲಿ ನಿಂತು, ಇದು ಯಾರ ಮನೆ ಅಂತ ಕೇಳ್ತೀರಾ? ಒಳಗೆ ಹೋಗ್ತೀರಾ?"

ನಾದಿನಿ ನಡುವೆ ಬಾಯಿ ಹಾಕುತ್ತಾಳೆ: "ಹೋದ್ ವರ್ಷ ನಾನು ಹಂಗೇ ಒಂದರಲ್ಲಿ ಎರಡು ದಿನ ಕೂತಿದ್ದೆ, ಮೂಟೆ ಬೇರಿನ ಜೊತೆ. ಹೊರಗಿದ್ದಿದ್ರೆ ಇವತ್ತು ಅತ್ತಿಗೆಗೆ ಬೈಯೋಕೆ ಯಾರಿರ್ತಿದ್ರು?"

ಬಿಸಿಲು ಗೋಡೆಯ ಅರ್ಧಕ್ಕೆ ಬರುವ ಹೊತ್ತಿಗೆ ಈ ಮನೆಯ ಕೊನೆಯ ತೊಲೆಯೂ ಕೆಳಗಿಳಿಯುತ್ತದೆ. ತಪಾಸಣೆಯ ದಿನ ಇಲ್ಲಿ ಒಂದು ಸೂರೂ ಇರುವುದಿಲ್ಲ, ಇದು ಖಚಿತ. ಸಾಹೇಬರು ಮತ್ತೆ ಅದೇ ಪದ ಬರೆದರೆ ಗಾಡಿಗಳು ಬರುತ್ತವೆ, ಕಲ್ಲು ಹೋಗುತ್ತದೆ. ಅದೂ ಅವಳಿಗೆ ಗೊತ್ತು. ಅವರು ಬಂದಾಗ ಒಂದು ಮನೆಯ ಸೂರನ್ನು ಕಣ್ಣೆದುರೇ ಏರಿಸಿ, ಕಣ್ಣೆದುರೇ ಇಳಿಸುವುದೆಂದು ಇಬ್ಬರೂ ತೀರ್ಮಾನಿಸಿದ್ದಾರೆ.

ಸಾಹೇಬರಿಂದ ಏನು ಬಯಸುತ್ತೀರಿ ಎಂದರೆ ಕಲ್ಲಕ್ಕ ಹಗ್ಗ ಸುತ್ತುವುದನ್ನು ನಿಲ್ಲಿಸುವುದಿಲ್ಲ.

"ಏನೂ ಬೇಡ. ಚಪ್ಪಡಿಯ ಇನ್ನೊಂದು ತುದಿ ಹಿಡೀಲಿ, ಒಂದೇ ಒಂದು ಸಲ. ಆಮೇಲೂ ಪಾಳು ಅಂತ ಬರೆಯೋಕೆ ಕೈ ಬಂದ್ರೆ, ಬರೀಲಿ."