ಪೆಟ್ಟಿಗೆಗೆ ಹುಳ ಬಿಟ್ಟದ್ದು

ನಿಪ್ಪಾಣಿಯ ತಂಬಾಕು ವಖಾರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು ನಾನು. ಶಾಲೆ ಎರಡನೇ ಇಯತ್ತೆಗೇ ಮುಗಿದಿತ್ತು. ಆದರೆ ರಾಶಿಯೊಳಗೆ ಮೊಣಕೈವರೆಗೆ ಕೈ ತುರುಕಿ, ಕಾವು ಎಷ್ಟು ಏರಿದೆ, ಯಾವತ್ತು ಒಡೆದು ಹರವಬೇಕು ಎಂದು ಹೇಳುತ್ತಿದ್ದೆ. ಕರಿ ಎರೆ ಹೊಲದ ತಂಬಾಕು, ಕೆಂಪು ಮಸಾರಿ ಹೊಲದ ತಂಬಾಕು ಒಂದೇ ರಾಶಿಗೆ ಬಿದ್ದರೆ ಖಡಕ್ಕಾದದ್ದು ಮೆತ್ತಗಿನದರ ವಾಸನೆಯನ್ನು ತಿಂದು ಹಾಕುತ್ತದೆ. ಹಳೆಯ ಚೀಲವನ್ನು ಹೊಸ ರಾಶಿಯ ಹತ್ತಿರ ಇಟ್ಟರಂತೂ ಆಳುಗಳ ಮೇಲಿನ ಮುಕಾದಮ ಮೈಮೇಲೆ ಬರುತ್ತಿದ್ದ. ಹಳೆಯದರಲ್ಲಿ ಹುಳ ಇರುತ್ತದೆ, ರಾತ್ರಿ ಹಗಲು ಅನ್ನದೆ ದಾಟುತ್ತದೆ.

ಈಗ ನಾನಿರುವುದು ಏಕಸಂಬಿಯಲ್ಲಿ, ಮಗನ ಮನೆಯಲ್ಲಿ. ಕಬ್ಬಿನ ಹೊಲ, ಎರಡು ಎಮ್ಮೆ. ಮಗ ಹುಡುಗನಿದ್ದಾಗಿಂದ ಸೇದಿದವನು. ಹೋದ ವರ್ಷ ಹೊಲದ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತ. ಎದೆಗೆ ಸ್ಪ್ರಿಂಗು ಹಾಕಿಸಿಕೊಂಡು ಬಂದ. ಚಿಕ್ಕೋಡಿಯ ಡಾಕ್ಟರು ನನ್ನ ಮುಂದೆಯೇ ಹೇಳಿದರು: “ಇನ್ನ ಒಂದ ಸೇದಿದ್ರೂ ನನ್ನ ಕಡೆ ಕರ್ಕೊಂಡ ಬರಬ್ಯಾಡ್ರಿ. ಸೀದಾ ಹೊಲಕ್ಕ ಒಯ್ದು ಮಣ್ಣ ಮಾಡ್ರಿ.”

ಬೀಡಿ, ಸಿಗರೇಟು ಬಿಟ್ಟ. ಪೆಟ್ಟಿಗೆ ಬಿಡಲಿಲ್ಲ.

ಅದು ಸಿಗಾರ್ ಇಡುವ ಕಟ್ಟಿಗೆಯ ಪೆಟ್ಟಿಗೆ. ಒಳಗೆ ನೀರು ಕುಡಿದ ಸ್ಪಂಜು, ತೇವ ತೋರಿಸುವ ಒಂದು ಮುಳ್ಳು. ಗೋವಾದಿಂದ, ಪುಣೆಯಿಂದ ಗೆಳೆಯರು ತಂದುಕೊಟ್ಟ ಸಿಗಾರ್‌ಗಳು: ಕರ್ರಗಿನವು, ತಿಳಿ ಕಂದು ಬಣ್ಣದವು, ಸಿಹಿ ವಾಸನೆಯವು, ಎಲ್ಲ ಒಂದೇ ಕಡೆ. ದಿನಾ ಮಧ್ಯಾಹ್ನ ಮುಚ್ಚಳ ತೆಗೆದು ಮೂಗು ಒಳಗೆ ಹಾಕುತ್ತಿದ್ದ.

“ಬ್ಯಾರೆ ಬ್ಯಾರೆ ಜಾತಿ ಒಂದ ಕಡೆ ಇಟ್ಟೀಯಲ್ಲೋ, ಕರೀದು ಎಲ್ಲಾ ತಿಂತೈತಿ” ಅಂದೆ.

“ಇವು ಸೇದೂವಲ್ಲ ಬೇ ಯವ್ವಾ, ಇಡೂವು. ಹತ್ತ ವರ್ಷ ಇಟ್ರ ಹಣ್ಣಾಗ್ತಾವ.”

“ಹತ್ತ ವರ್ಷ ನೀ ಇರ್ತೀ ಏನಲೇ?”

ಒಲೆಯ ಮುಂದಿನಿಂದ ಸೊಸೆ ಕೂಗಿದಳು: “ನಾ ಈ ಮನಿಗಿ ಬಂದು ಇಪ್ಪತ್ತ ವರ್ಷ ಆತ್ರಿ ಅತ್ತಿ, ಇನ್ನ ಹಣ್ಣಾಗಿಲ್ಲೇನ ನಾ? ನನ್ನ ಕಡೆ ಒಂದ ದಿನ ಹಂಗ ನೋಡ್ಯಾರೇನ ಕೇಳ್ರಿ.”

ಗಂಡ ಹೆಂಡತಿ ಇಬ್ಬರೂ ನಕ್ಕರು. ನಾನು ನಗಲಿಲ್ಲ. ಮೂಗು ಹಾಕಿದವನು ಬಾಯಿ ಹಾಕದೆ ಇರುತ್ತಾನೆಯೇ? ಪೆಟ್ಟಿಗೆ ಒಲೆಗೆ ಹಾಕಿದರೆ ಇನ್ನೊಂದು ತಂದು ಬಚ್ಚಿಡುತ್ತಾನೆ. ಮಾಲೇ ಅವನಿಗೆ ಹೇಸಿಗೆ ತರಬೇಕು. ಹುಳ ಕಂಡ ವ್ಯಾಪಾರಿ ಆ ರಾಶಿಯ ಕಡೆ ಮತ್ತೆ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ.

ಅಟ್ಟದ ಮೇಲೆ ನನ್ನ ಹಳೆಯ ತಂಬಾಕಿನ ಡಬ್ಬಿ ಇತ್ತು. ತೆಗೆದರೆ ಹಿಟ್ಟಿನಂಥ ಪುಡಿ, ಅದರೊಳಗೆ ಕೆಂಪಗೆ ಹರಿದಾಡುವ ಸಾಸಿವೆ ಕಾಳಿನಷ್ಟು ಹುಳ. ಮಗ ಕಬ್ಬಿಗೆ ನೀರು ಬಿಡಲು ಹೋದ ಹೊತ್ತಿನಲ್ಲಿ ಡಬ್ಬಿಯಿಂದ ಹುಳ ಹತ್ತಿದ ಎರಡು ತಂಬಾಕಿನ ಎಲೆ ತಂದು ಪೆಟ್ಟಿಗೆಯ ತಳದ ಸಾಲಿನ ಕೆಳಗೆ ತೂರಿಸಿದೆ. ಮುಚ್ಚಳ ಹಾಕಿದೆ.

ಎರಡು ಅಮಾವಾಸ್ಯೆ ಕಳೆದವು. ಒಂದು ದಿನ ಮಗ ಪೆಟ್ಟಿಗೆಯ ಮುಂದೆ ಕೂತವನು ಏಳಲೇ ಇಲ್ಲ. ಹೋಗಿ ನೋಡಿದೆ. ತಳದಲ್ಲಿ ಪುಡಿ. ಸಿಗಾರ್‌ಗಳ ಮೈಮೇಲೆ ಸೂಜಿ ಚುಚ್ಚಿದಂಥ ತೂತು. ನನ್ನ ಹೊಟ್ಟೆ ತಣ್ಣಗಾಯಿತು. ಇನ್ನು ಎಸೆಯುತ್ತಾನೆ ಅಂದುಕೊಂಡೆ.

ಅವನು ಮೊಬೈಲಿನಲ್ಲಿ ಏನೋ ನೋಡಿದ. ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರಿಜ್ಜಿನ ಬರ್ಫದ ಖಾನೆಯಲ್ಲಿಟ್ಟ. ಸೊಸೆ ಬೈದಳು, ಕೇಳಲಿಲ್ಲ. ನಾಲ್ಕನೆಯ ದಿನ ತೆಗೆದ. ಹುಳ ಸತ್ತಿದ್ದವು.

ಆಮೇಲೆ ಕಟ್ಟೆಯ ಮೇಲೆ ಕೂತು ಒಂದನ್ನು ಹಚ್ಚಿದ. ತೂತಿನಿಂದ ಹೊಗೆ ಸೋರುತ್ತಿತ್ತು. ಕೊಳಲು ಹಿಡಿದವರ ಹಾಗೆ ಬೆರಳು ಒತ್ತಿ ಸೇದಿದ.

“ಏನ ಮಾಡಾಕತ್ತೀಯಲೇ?”

“ತೂತ ಬಿದ್ದದ್ದು ಇಟ್ರ ಹಣ್ಣಾಗೂದಿಲ್ಲ ಬೇ. ಒಗ್ಯಾಕ ಮನಸ ಬರವಲ್ತು. ಇವಷ್ಟ ಸೇದಿ ಮುಗಿಸ್ತೀನಿ.”

“ಹುಳಾ ನಾ ಬಿಟ್ಟೀನಿ” ಅಂದುಬಿಟ್ಟೆ.

ನನ್ನ ಕಡೆ ತಿರುಗಲಿಲ್ಲ. “ಗೊತ್ತೈತಿ. ಎಲಿಗೆ ನಿನ್ನ ಡಬ್ಬಿ ವಾಸನಿ ಇತ್ತು. ಒಂದ ವರ್ಷ ಆಗಿತ್ತ ಯವ್ವಾ, ಒಂದರೆ ಮುಟ್ಟಿದ್ನೇನ ನಾ?”

ಮುಟ್ಟಿರಲಿಲ್ಲ. ಅದು ನನಗೂ ಗೊತ್ತಿತ್ತು, ನಂಬಿರಲಿಲ್ಲ.

ಅವತ್ತಿನಿಂದ ದಿನಕ್ಕೊಂದು. ನಿನ್ನೆ ಕೆಮ್ಮು ನಿಲ್ಲಲಿಲ್ಲವೆಂದು ಹೋಗಿ ಅಂಗಿಯೊಳಗೆ ಬೆನ್ನ ಮೇಲೆ ಕೈ ಇಟ್ಟೆ. ಕಾವು ಏರಿತ್ತು. ರಾಶಿಯಾಗಿದ್ದರೆ ಒಡೆದು ಗಾಳಿಗೆ ಹರವುತ್ತಿದ್ದೆ.

“ಇನ್ನ ಎಷ್ಟ ಉಳದಾವಲೇ?”

“ಒಂಬತ್ತ” ಅಂದ. ಬಾಯಲ್ಲಿದ್ದದ್ದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.