ನೀರು ಚೆನ್ನಾಗಿರುವ ದಾರಿ

ಪಕ್ಕದ ಮನೆಯವರು ಕಾಂಪೌಂಡಿಗೆ ಸುಣ್ಣ ಹೊಡೆಸುತ್ತಿದ್ದಾರೆ. ಚಿಕ್ಕಬಳ್ಳಾಪುರದಲ್ಲಿ ಈಗ ಸುಣ್ಣ ಹೊಡೆಸುವವರು ಕಡಿಮೆ, ಎಲ್ಲ ಡಬ್ಬಿಯ ಬಣ್ಣ. ಇವರು ಮಾತ್ರ ಹಳೆಯ ಡ್ರಮ್ಮಿಗೆ ಸುಣ್ಣದ ಕಲ್ಲು ಹಾಕಿಸಿ ನೀರು ಹೊಯ್ಸಿದರು. ಅದು ಕೊತಕೊತ ಕುದಿದು, ಅದರ ಬಿಸಿ ವಾಸನೆ ಗೋಡೆ ದಾಟಿ ನಾನು ಕಾಫಿ ಕುಡಿಯುವ ಜಾಗಕ್ಕೇ ಬಂತು. ವಾಸನೆಯ ಹಿಂದೆಯೇ ಅವರೂ ಬಂದರು, ತೊಂದರೆಯಾಯಿತೇನೋ ಎಂದು ವಿಚಾರಿಸಲು. ಬಂದದ್ದಕ್ಕೆ ಇನ್ನೊಂದು ವಿಷಯವನ್ನೂ ತೆಗೆದರು. ಈ ಚಳಿಗಾಲ ತಿರುಪತಿಗೆ ನಡೆದು ಹೋಗಬೇಕಂತೆ. ಫೋನಿನಲ್ಲಿ ನೀಲಿ ಗೆರೆಗಳನ್ನು ತೋರಿಸಿ, "ನೀವು ಹಿಂದೆ ಹೋಗಿದ್ರಂತಲ್ಲ ಸಾರ್, ಯಾವ ದಾರಿ ಒಳ್ಳೇದು?" ಎಂದರು.

ಯೋಚಿಸಿ ಸಂಜೆ ಹೇಳುತ್ತೇನೆ ಎಂದೆ. ಯೋಚಿಸುವುದಕ್ಕೆ ಏನೂ ಇರಲಿಲ್ಲ. ಸುಣ್ಣದ ನೀರಿನ ವಾಸನೆ ಮೂಗಿನಲ್ಲಿರುವಾಗ ನನಗೆ ಒಂದೇ ದಾರಿ ನೆನಪಿಗೆ ಬರುತ್ತದೆ. ಅದು ಯಾಕೆ ಎಂದು ನಿಮಗೆ ಹೇಳಬಹುದು. ಅವರಿಗೆ ಹೇಳುವಷ್ಟು ಪರಿಚಯ ಇನ್ನೂ ಆಗಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ದೊಡ್ಡಪ್ಪ ಶಿಡ್ಲಘಟ್ಟ ತಾಲ್ಲೂಕಿನಲ್ಲಿ, ದಿಬ್ಬೂರಹಳ್ಳಿಯ ಹತ್ತಿರ, ರೇಷ್ಮೆ ಹುಳು ಸಾಕುತ್ತಿದ್ದರು. ಪ್ರತಿವರ್ಷ ಧನುರ್ಮಾಸದಲ್ಲಿ ಊರಿನ ಒಂದಷ್ಟು ಜನರನ್ನು ಕಟ್ಟಿಕೊಂಡು ತಿರುಪತಿಗೆ ನಡೆಯುತ್ತಿದ್ದರು. ಯಾವ ದಾರಿ, ಎಲ್ಲಿ ತಂಗುವುದು, ಯಾರು ಹಿಂದೆ ಬಿದ್ದರೆ ಕಾಯುವುದು, ಯಾರು ಬಿದ್ದರೆ ಕಾಯದಿರುವುದು, ಎಲ್ಲ ಅವರದೇ ತೀರ್ಮಾನ. ತುಳಸಿಮಾಲೆ ಹಾಕಿದ ಮೇಲೆ ಅವರದೊಂದು ಕಟ್ಟಳೆ ಇತ್ತು. ದಾರಿಯಲ್ಲಿ ಯಾರೇ ಆಗಲಿ, ಬಾಗಿಲಲ್ಲಿ ನಿಂತು ಗೋವಿಂದ ಎಂದು ಕರೆದು ಏನು ಕೊಟ್ಟರೂ ಒಲ್ಲೆ ಎನ್ನುವಂತಿಲ್ಲ. ಕರೆದವರು ದೇವರೇ ಎಂದು ಲೆಕ್ಕ. ಒಬ್ಬಾತ ಹೊಟ್ಟೆ ಸರಿಯಿಲ್ಲವೆಂದು ಯಾರದೋ ಮನೆಯ ಅವರೆಕಾಳಿನ ಸಾರು ಬೇಡ ಎಂದದ್ದಕ್ಕೆ, ದೊಡ್ಡಪ್ಪ ಮುಂದಿನ ಊರು ಬರುವವರೆಗೂ ಅವನಿಗೆ ಬುದ್ಧಿ ಹೇಳಿದರು. ಅವನ ಹೊಟ್ಟೆ ಅಷ್ಟರಲ್ಲಿ ಬೇರೆ ತೀರ್ಮಾನಕ್ಕೆ ಬಂದಿತ್ತು.

ಈ ಕಟ್ಟಳೆಯನ್ನು ನೆನಪಿನಲ್ಲಿಟ್ಟುಕೊಳ್ಳಿ. ನಮ್ಮ ದೊಡ್ಡಮ್ಮನೂ ಇಟ್ಟುಕೊಂಡಿದ್ದರು.

ಅವರ ಒಬ್ಬಳೇ ಮಗಳು ರತ್ನಕ್ಕನನ್ನು ಮದನಪಲ್ಲಿಯ ಈಚೆಗೆ, ರಸ್ತೆ ಬದಿಯ ಒಂದು ಊರಿಗೆ ಕೊಟ್ಟಿದ್ದರು. ಅಳಿಯ ಟೊಮೇಟೊ ಬೆಳೆಯುವವರು, ತೆಲುಗು ಮಾತು, ಕೆಲಸ ಕಂಡರೆ ಸುಮ್ಮನಿರಲಾರದ ಮನುಷ್ಯ. ಒಂದು ಯುಗಾದಿಗೆ ತೋಟದಿಂದ ನೇರವಾಗಿ ಬಸ್ಸು ಹತ್ತಿ ಮಾವನ ಮನೆಗೆ ಬಂದರು. ಆಗ ಹುಳು ಹಣ್ಣಾಗಿ ಗೂಡು ಕಟ್ಟುವುದಕ್ಕೆ ಎರಡೋ ಮೂರೋ ದಿನ ಇತ್ತು. ಮನೆಮಂದಿಯೆಲ್ಲ ಸೊಪ್ಪು ಹಾಕುವುದರಲ್ಲಿ ಮುಳುಗಿದ್ದರು. ಹಬ್ಬಕ್ಕೆ ಬಂದವರು ಸುಮ್ಮನೆ ಕೂತು ತಿನ್ನುವುದು ಹೇಗೆ ಎಂದು ಅಳಿಯ ತಾವೂ ಹುಳುಮನೆಗೆ ಹೋಗಿ, ತಬ್ಬಿ ತಬ್ಬಿ ಸೊಪ್ಪು ಹಾಕಿದರು. ಬೆಳಿಗ್ಗೆ ಟೊಮೇಟೊಗೆ ಔಷಧಿ ಹೊಡೆದಿದ್ದ ಅಂಗಿಯೇ ಮೈಮೇಲಿತ್ತು. ಮಾರನೆಯ ದಿನ ತಟ್ಟೆ ತಟ್ಟೆಯ ಹುಳುವೂ ಹಸಿರು ಕಕ್ಕಿ ಸತ್ತಿತ್ತು.

ಹುಳು ಸಾಕುವ ಮನೆಯಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ಪ್ರೀತಿಯಿಂದ ಮಾಡಿದ್ದು ಎನ್ನುವುದು ಹುಳುಗಳಿಗೆ ಗೊತ್ತಾಗುವುದಿಲ್ಲ. ದೊಡ್ಡಪ್ಪನಿಗೆ ಗೊತ್ತಾಗಬಹುದಿತ್ತು. ಅವರು ಅಳಿಯನನ್ನು ಬೀದಿಯಲ್ಲಿ ನಿಲ್ಲಿಸಿ, ಊರು ಕೇಳುವಂತೆ, ಕೊಲೆಗಾರ ಎಂದರು. ನಿನ್ನ ಮನೆಯಲ್ಲಿ ತೊಟ್ಟು ನೀರು ಮುಟ್ಟುವುದಿಲ್ಲ ಎಂದೂ ಸೇರಿಸಿದರು. ಅಳಿಯ ರತ್ನಕ್ಕನನ್ನು ಕರೆದುಕೊಂಡು ಹೊರಟರು. ಆಮೇಲೆ ಆ ಮನೆಯಿಂದ ಈ ಮನೆಗೆ, ಈ ಮನೆಯಿಂದ ಆ ಮನೆಗೆ ಯಾರೂ ಹೋಗಲಿಲ್ಲ. ರತ್ನಕ್ಕನ ಬಾಣಂತನಕ್ಕೂ ಕರೆಯಲಿಲ್ಲ. ಮೊಮ್ಮಗು ನಡೆಯುತ್ತಿದೆ ಎಂದು ಬಸ್ಸಿನವರಿಂದ ತಿಳಿಯಿತು.

ಆ ಸುದ್ದಿ ಬಂದ ವರ್ಷ ಕಾರ್ತಿಕ ಮುಗಿಯುವ ಹೊತ್ತಿಗೆ ದೊಡ್ಡಮ್ಮ, ಈ ಸಲ ತಾವೂ ನಡೆಯುವುದಾಗಿ ಹೇಳಿದರು. ಜೊತೆಗೆ, ಮದನಪಲ್ಲಿ ದಾರಿಯಲ್ಲಿ ಹೋದರೆ ಚೆನ್ನ ಎಂದರು. ಅಷ್ಟೇ ಹೇಳಿ ಅವರೆಕಾಯಿ ಸುಲಿಯತೊಡಗಿದರು. ಅದರ ಅರ್ಥ ಹಟ್ಟಿಯ ದನಕ್ಕೂ ಆಯಿತು.

ದೊಡ್ಡಪ್ಪ ಯಾವಾಗಲೂ ಹೋಗುತ್ತಿದ್ದುದು ಮುಳಬಾಗಿಲು, ಪಲಮನೇರು, ಚಿತ್ತೂರಿನ ಮೇಲೆ. ತೀರ್ಮಾನಕ್ಕೆ ಶಾಸ್ತ್ರೋಕ್ತವಾದ ಬೆಂಬಲ ಬೇಕೆಂದು ನನಗೆ ಹೇಳಿ ಕಳಿಸಿದರು. ನಾನು ಆಗ ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಭೂಗೋಳ ಹೇಳುತ್ತಿದ್ದೆ. ಶಾಲೆಯ ಗೋಡೆಯ ಭೂಪಟವನ್ನು ಸುರುಳಿ ಸುತ್ತಿ, ಮಂಚೇನಹಳ್ಳಿಯ ಮೇಲೆ ಬರುವ ಬಸ್ಸಿನಲ್ಲಿ ನಿಂತೇ ತಂದೆ. ದಾರಿಯುದ್ದಕ್ಕೂ ಅದು ಯಾರದಾದರೂ ಬೆನ್ನಿಗೆ ಚುಚ್ಚುತ್ತಿತ್ತು. ಜಗಲಿಯ ಮೇಲೆ ಬಿಡಿಸಿದಾಗ ಗೊತ್ತಾಯಿತು: ಅದು ಕರ್ನಾಟಕದ ಭೂಪಟ. ಚಿಂತಾಮಣಿ ದಾಟಿ ರಾಯಲ್ಪಾಡಿನವರೆಗೆ ಹಳ್ಳಕೊಳ್ಳ ಸಮೇತ ಎಲ್ಲ ಇತ್ತು, ಅಲ್ಲಿಂದಾಚೆ ಬಿಳಿ ಹಾಳೆ. ತಿರುಪತಿ ಇರಬೇಕಾದ ಕಡೆ ಅಚ್ಚು ಹಾಕಿದವರ ವಿಳಾಸ ಇತ್ತು. ದೊಡ್ಡಪ್ಪ ಅದನ್ನು ಬಹಳ ಹೊತ್ತು ನೋಡಿ, "ಮೇಷ್ಟ್ರೇ, ನೀವು ಊಟ ಮಾಡಿ" ಎಂದರು.

ಭೂಪಟ ಕೈಕೊಟ್ಟ ಮೇಲೆ ಚರ್ಚೆ ಬಾಯಲ್ಲೇ ನಡೆಯಿತು. ಮದನಪಲ್ಲಿ ದಾರಿ ಸುತ್ತು ಎಂದು ದೊಡ್ಡಪ್ಪ. ಸುತ್ತಿದರೆ ಪುಣ್ಯವೂ ಅಷ್ಟೇ ಜಾಸ್ತಿ ಎಂದು ದೊಡ್ಡಮ್ಮ. ಆ ಕಡೆ ಚಳಿ ಹೆಚ್ಚು ಎಂದರೆ, ಹೊದಿಯುವುದಕ್ಕೆ ಇದೆ ಎಂದರು. ಭಾಕರಾಪೇಟೆ ಘಾಟಿನಲ್ಲಿ ಕರಡಿ ಇದೆ ಎಂದರೆ, ನಿಮ್ಮನ್ನು ನೋಡಿದರೆ ಅದೇ ದಾರಿ ಬಿಡುತ್ತದೆ ಎಂದರು. ಕೊನೆಗೆ ದೊಡ್ಡಪ್ಪ, ಅಷ್ಟಕ್ಕೂ ಆ ದಾರಿಯಲ್ಲಿ ಏನಿದೆ ಎಂದು ಕೇಳಿದರು. ಕೇಳಿದ ಮೇಲೆ ಕೇಳಬಾರದಿತ್ತು ಎಂದು ಅವರ ಮುಖದಲ್ಲೇ ಕಂಡಿತು.

"ನೀರು ಚೆನ್ನಾಗಿದೆ" ಎಂದರು ದೊಡ್ಡಮ್ಮ.

ಅವರು ಆ ಊರಿಗೆ ಮದುವೆಯ ಶಾಸ್ತ್ರಕ್ಕೆಂದು ಒಮ್ಮೆ ಹೋದದ್ದು ಬಿಟ್ಟರೆ ಮತ್ತೆ ಹೋದವರಲ್ಲ. ಆಗ ಅವರು ಹಿಂದಿನ ವರ್ಷದ ಕಂಬಳಿಯ ಮಾತು ತೆಗೆದರು. ಆ ಸಲ ಜೊತೆಯಲ್ಲಿ ನಡೆದು ಅದನ್ನು ಕಂಡವನು ನಾನು, ಆದ್ದರಿಂದ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಪಲಮನೇರಿನ ಹತ್ತಿರ, ಬೆಳಗಿನ ಮಂಜಿನಲ್ಲಿ, ದೊಡ್ಡಪ್ಪ ನನ್ನ ಮುಂದೆ ನಡೆಯುತ್ತಿದ್ದರು. ಹಿಂದಿನಿಂದ ಒಂದು ಲಾರಿ ಬಂತು. ದೀಪ ಕಾಣುವ ಮೊದಲೇ ಗಾಳಿ ಬಂತು. ಲಾರಿ ಹೋದ ಮೇಲೆ ದೊಡ್ಡಪ್ಪ ಅಲ್ಲೇ ನಿಂತಿದ್ದರು, ಹೆಗಲ ಮೇಲಿನ ಕಂಬಳಿ ಇರಲಿಲ್ಲ. ಅವರು ಹೆಗಲನ್ನು ಮುಟ್ಟಿ ನೋಡಿಕೊಂಡರು. ನಾನು ರಸ್ತೆಯ ಬದಿಯಲ್ಲಿ ಕೂತುಬಿಟ್ಟೆ. ಇವತ್ತಿಗೂ ಹಿಂದಿನಿಂದ ಗಾಳಿ ಬಂದರೆ ತಿರುಗಿ ನೋಡುತ್ತೇನೆ.

"ಹೋದ ಸಲ ಕಂಬಳಿ ಹೋಯ್ತು" ಎಂದರು ದೊಡ್ಡಮ್ಮ, ಕೈಯಲ್ಲಿದ್ದ ಅವರೆಕಾಯಿಯನ್ನೇ ನೋಡುತ್ತಾ. "ಈ ಸಲ ಏನು ಹೋಗ್ತದೋ."

ಮದನಪಲ್ಲಿ ದಾರಿ ಎಂದು ತೀರ್ಮಾನವಾಯಿತು.

ನಡಿಗೆಯ ವಿವರ ಬೇಡ. ಎಲ್ಲರ ಕಾಲಲ್ಲೂ ಒಂದೇ ಕಡೆ ಬೊಕ್ಕೆ ಎದ್ದಿತು. ಚಿಂತಾಮಣಿಯಲ್ಲಿ ದೊಡ್ಡಮ್ಮ ಮದನಪಲ್ಲಿ ಬಸ್ಸಿನ ಕಂಡಕ್ಟರನ ಹತ್ತಿರ ಏನೋ ಹೇಳುತ್ತಿದ್ದುದನ್ನು ನೋಡಿದೆ, ಕೇಳಲಿಲ್ಲ. ರತ್ನಕ್ಕನ ಊರು ಹತ್ತಿರವಾದ ಬೆಳಿಗ್ಗೆ ದೊಡ್ಡಪ್ಪ ಗುಂಪಿನ ಮುಂದಕ್ಕೆ ಹೋಗಿ, ಎಂದೂ ಇಲ್ಲದ ಬಿರುಸಿನಲ್ಲಿ ನಡೆಯತೊಡಗಿದರು. ಮಂಜು ದಟ್ಟವಾಗಿತ್ತು. ಅದರ ಮರೆಯಲ್ಲಿ ದಾಟಿಬಿಡುವ ಯೋಚನೆ ಇದ್ದಿರಬೇಕು. ನಾನು ಅವರ ಹಿಂದೆಯೇ ಓಡುನಡಿಗೆಯಲ್ಲಿದ್ದೆ.

"ಗೋವಿಂದ" ಎಂದಿತು ಒಂದು ದನಿ, ಬಲಗಡೆಯಿಂದ.

ದೊಡ್ಡಪ್ಪ ನಿಂತರು. ನಿಲ್ಲಲೇಬೇಕಿತ್ತು. ರತ್ನಕ್ಕ ಚೊಂಬು ಹಿಡಿದು ಬಾಗಿಲಲ್ಲಿದ್ದಳು, ಸೆರಗಿನ ಹಿಂದೆ ಮಗು. ಅಪ್ಪ ಎಂದು ಕರೆಯಲಿಲ್ಲ. ದೊಡ್ಡಪ್ಪನೂ ಅವಳ ಮುಖ ನೋಡಲಿಲ್ಲ. ಅವರು ನೋಡುತ್ತಿದ್ದುದು ಗೋಡೆಗೆ ಒರಗಿಸಿದ್ದ ಚಂದ್ರಿಕೆಗಳನ್ನು, ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗಳನ್ನು. ಪಕ್ಕದ ಕೋಣೆಯಿಂದ ಹುಳು ಸೊಪ್ಪು ತಿನ್ನುವ ಸದ್ದು ಕೇಳುತ್ತಿತ್ತು. ಅದನ್ನು ಕೇಳಿ ಮುಂದೆ ಹೋಗುವ ಶಕ್ತಿ ಅವರಿಗಿರಲಿಲ್ಲ.

"ಎಷ್ಟನೇ ಜ್ವರ?" ಎಂದರು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ.

"ನಾಲ್ಕನೇದು ಎದ್ದವೆ" ಎಂದಳು ರತ್ನಕ್ಕ. "ಇವರೇ ಸಾಕ್ತಾರೆ."

ದೊಡ್ಡಪ್ಪ ಆ ಕೋಣೆಯ ಕಡೆ ನಡೆದರು. ಬಾಗಿಲಿಗೆ ಅಡ್ಡವಾಗಿ ಅಳಿಯ ನಿಂತಿದ್ದರು. ಹೊಸಿಲಿನ ಮುಂದೆ, ಹುಳುಮನೆಗೆ ಹೋಗುವವರ ಕಾಲಿನ ಸೋಂಕು ಕಳೆಯಲು, ಅಗಲವಾದ ಬಾನಿಯಲ್ಲಿ ಸುಣ್ಣದ ನೀರು. ಅಳಿಯ ಸರಿಯಲಿಲ್ಲ.

"ಕಾಲು, ಮಾಮಾ" ಎಂದರು.

ಅಷ್ಟರಲ್ಲಿ ಗುಂಪು ಬಂದು ಸೇರಿತ್ತು. ಭಜನೆ ನಿಂತಿತು. ದೊಡ್ಡಪ್ಪನ ಪಾದಗಳು ಒಡೆದು ರಕ್ತ ಒಸರುತ್ತಿದ್ದವು. ಅವರು ಒಂದೊಂದಾಗಿ ಎರಡೂ ಕಾಲನ್ನು ಬಾನಿಯಲ್ಲಿಟ್ಟರು. ಸುಣ್ಣ ಹೇಗೆ ಉರಿದಿರಬೇಕೆಂದು ನನಗೆ ಗೊತ್ತು, ಆಮೇಲೆ ನಾನೂ ಇಟ್ಟೆ. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಕೈ ಅದ್ದಿ ತೊಳೆದುಕೊಂಡರು. ಅಳಿಯ ಇನ್ನೂ ಅಲ್ಲೇ ಇದ್ದರು.

"ಚೊಕ್ಕಾ ಕೂಡಾ, ಮಾಮಾ. ದಾರೀಲಿ ಎಲ್ಲಾ ಟೊಮೇಟೊ ತೋಟ." ಅಂಗಿಗೆ ಅವರ ಕಡೆ ಚೊಕ್ಕಾ ಅನ್ನುತ್ತಾರೆ.

ದೊಡ್ಡಮ್ಮ ಕಣ್ಣು ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ. ದೊಡ್ಡಪ್ಪ ಗುಂಡಿ ಬಿಚ್ಚಿದರು. ಬೆರಳು ಮರಗಟ್ಟಿ ಕೊನೆಯ ಗುಂಡಿ ಬರಲಿಲ್ಲ. ಅಳಿಯ ಬಗ್ಗಿ ಬಿಚ್ಚಿಕೊಟ್ಟರು. ಆ ಚಳಿಯಲ್ಲಿ, ಮಾಲೆಯೊಂದೇ ಎದೆಯ ಮೇಲೆ, ಎಪ್ಪತ್ತರ ಹತ್ತಿರದ ಮುದುಕರು ಸುಣ್ಣದ ನೀರಿನಲ್ಲಿ ನಿಂತಿದ್ದರು. ಆಮೇಲೆ ಅಳಿಯ ಪಕ್ಕಕ್ಕೆ ಸರಿದರು.

ಒಳಗೆ ದೊಡ್ಡಪ್ಪ ತಟ್ಟೆಯಿಂದ ತಟ್ಟೆಗೆ ಹೋದರು. ಒಂದು ಹುಳುವನ್ನು ಅಂಗೈ ಮೇಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಹೊರಗೆ ಬಂದು ಜಗಲಿಯ ಮೇಲೆ ಕೂತು ಕೈ ಚಾಚಿದರು. ರತ್ನಕ್ಕ ಚೊಂಬು ಕೊಟ್ಟಳು. ಅವರು ಎತ್ತಿ ಹೊಯ್ದುಕೊಳ್ಳದೆ, ಮಕ್ಕಳ ಹಾಗೆ ಕಚ್ಚಿ, ಪೂರ್ತಿ ಕುಡಿದರು.

"ನೀರು ಚೆನ್ನಾಗಿದೆ" ಎಂದರು, ದೊಡ್ಡಮ್ಮನ ಕಡೆ ತಿರುಗಿ.

ಆಮೇಲೆ ನಾನೂ ಕುಡಿದೆ. ಬರೀ ಉಪ್ಪು.

ಸಂಜೆ ಪಕ್ಕದ ಮನೆಯವರು ಫೋನು ಹಿಡಿದು ಮತ್ತೆ ಬಂದರು. ಮದನಪಲ್ಲಿ ದಾರಿ ಎಂದು ಬಾಯಿಗೆ ಬಂದಿತ್ತು. ಯಾಕೋ ತಡೆದು, ಆ ಕಡೆ ನಿಮ್ಮವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಮದನಪಲ್ಲಿಯ ಕಡೆ ಯಾರೂ ಇಲ್ಲವಂತೆ. ಅವರು ಬೆರಳಿನಿಂದ ಗೆರೆಯನ್ನು ಅತ್ತಿತ್ತ ಸರಿಸಿದರು.

"ಮುಳಬಾಗಿಲಲ್ಲಿ ನಮ್ಮಣ್ಣ ಇದ್ದಾನೆ, ರಸ್ತೇಲೇ ಮನೆ. ಮಾತಿಲ್ಲ ಸಾರ್, ಬಹಳ ವರ್ಷ ಆಯ್ತು."

ಹಾಗಾದರೆ ಮುಳಬಾಗಿಲಿನ ಮೇಲೇ ಹೋಗಿ ಎಂದೆ. ಬೆಳಕು ಹರಿದ ಮೇಲೆ ನಡೆಯಿರಿ, ಕಂಬಳಿ ಇದ್ದರೆ ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದೂ ಹೇಳಿದೆ. ಅಲ್ಲಿ ಲಾರಿ ಜಾಸ್ತಿಯಲ್ಲವೇ, ಅಂಥ ವಿಶೇಷ ಏನಿದೆ ಎಂದು ಅವರು ಕೇಳಿದರು.

"ನೀರು ಚೆನ್ನಾಗಿದೆ" ಎಂದೆ.

ಅಲ್ಲಿಯದೂ ನಾನು ಕುಡಿದಿದ್ದೇನೆ. ಅದೂ ಉಪ್ಪೇ.