ಅಪ್ಪನ ಟೋಪಿಯೊಳಗಿನ ಗೆಡ್ಡೆಗಳು

ಜುಲೈ ಚಳಿ ಬಂತೆಂದರೆ ನೈರೋಬಿಯ ನಮ್ಮ ಮನೆಯಲ್ಲಿ ಅಪ್ಪನ ಮಂಕಿ ಟೋಪಿ ಹೊರಬೀಳುತ್ತದೆ. ಆ ವರ್ಷ ಮಾತ್ರ ಅದು ಅಪ್ಪನ ತಲೆಗೆ ಸಿಗಲಿಲ್ಲ. ಅಮ್ಮ ಅದರೊಳಗೆ ಸುರುಳಿ ಸುಗಂಧಿಯ ಗೆಡ್ಡೆ ತುಂಬಿ ಫ್ರಿಜ್ಜಿನ ಮೇಲೆ ಮಲಗಿಸಿದ್ದಳು.

ನೋಡಲು ಶುಂಠಿಯಂಥದೇ ಗೆಡ್ಡೆ. ಹೂವು ಬಿಳಿ ಚಿಟ್ಟೆಯಂತೆ, ಘಮ ಗೇಟಿನವರೆಗೂ. ದಸರೆಗೆ ಕನ್ನಡದವರೆಲ್ಲ ಸೇರುವಾಗ ಸಿರಿವಂತರ ಬಡಾವಣೆ ಮುಥೈಗಾದ ಆಂಟಿಯೊಬ್ಬರು ಅಮ್ಮನಿಗೆ ಒಂದೇ ಒಂದು ಹೂ ಕೊಟ್ಟು, "ನಿಮ್ಮನೇಲಿ ಹೂ ಬರಲ್ಲ ಅಲ್ವಾ, ಪಾಪ," ಅನ್ನುತ್ತಿದ್ದರು. ಆ 'ಪಾಪ'ವನ್ನು ನಾನು ವರ್ಷವಿಡೀ ಅವರದೇ ಮೂಗುದನಿಯಲ್ಲಿ ಅಣಕಿಸುತ್ತಿದ್ದೆ. ಈ ಸಲ ಸ್ವಂತ ಹೂವನ್ನೇ ಮುಡಿದು ಹೋಗುವುದೆಂದು ಅಮ್ಮ ಹಟ ಹಿಡಿದಳು.

ತೋಟ ನೋಡಿಕೊಳ್ಳುವ ಹಿರಿಯರನ್ನು ನಾವು ಮ್ಜೇ ಎನ್ನುತ್ತೇವೆ. ಚಳಿ ಮುಗಿಯುವವರೆಗೆ ಗೆಡ್ಡೆ ಮಣ್ಣಲ್ಲೇ ಇರಲಿ, ಒಣ ಎಲೆ ಹೊದಿಸೋಣ ಎಂದರು ಅವರು. ಒಳಗೇ ಬೆಚ್ಚಗಿರಲಿ ಎಂದಳು ಅಮ್ಮ. ಕೊನೆಗೆ ಅರ್ಧ ಒಳಗೆ, ಅರ್ಧ ಹೊರಗೆ ಎಂದು ರಾಜಿಯಾಯಿತು.

ರಾಜಿ ನನಗೆ ಸಪ್ಪೆ. ಒಂದು ಬೆಳಿಗ್ಗೆ ಅಡುಗೆಮನೆಯ ಪರದೆ ಹಿಂದೆ ನಿಂತು, ಅಮ್ಮನ ದನಿಯಲ್ಲಿ, ಅವಳ ಮೈಸೂರು ಸ್ವಾಹಿಲಿಯಲ್ಲಿ, "ಮ್ಜೇ, ಉಳಿದದ್ದನ್ನೂ ಅಗೆದು ತನ್ನಿ," ಎಂದು ಕೂಗಿದೆ. ತಂದಿಟ್ಟರು. ನಕ್ಕು ನಿಜ ಹೇಳುವಷ್ಟರಲ್ಲಿ ಅಮ್ಮ ಬುಟ್ಟಿ ನೋಡಿ, "ನೋಡಿದ್ಯೇನೋ, ಕೊನೆಗೂ ನನ್ ಮಾತು ಒಪ್ಪಿದ್ರು," ಎಂದು ಅರಳಿಬಿಟ್ಟಳು. ನನ್ನ ಬಳಿಯಿದ್ದ ಅಷ್ಟೂ ದನಿಗಳಲ್ಲಿ ಒಂದೂ ಹೊರಡಲಿಲ್ಲ.

ಗೆಡ್ಡೆಗೂ ಬಾಯಾರುತ್ತದೆಂದು ಅಮ್ಮ ದಿನಾ ನೀರು ಚಿಮುಕಿಸಿದಳು. ಆಗಸ್ಟ್ ಕೊನೆಗೆ ನೋಡಿದರೆ ಎಲ್ಲ ಕೊಳೆತು ಗೊಜ್ಜು. ಅಪ್ಪ ಟೋಪಿ ಮೂಸಿ, "ಇನ್ಮೇಲೆ ನೀನೇ ಹಾಕ್ಕೊಳಪ್ಪಾ," ಎಂದು ನನಗೆ ಕೊಟ್ಟ. ಅಮ್ಮ ನಗಲಿಲ್ಲ. ಅವಳು ನಗದಿದ್ದದ್ದಕ್ಕೇ ನಾನು ಮ್ಜೇ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ.

"ಅನುಮಾನ ಇತ್ತು," ಎಂದರು. "ನಿಮ್ಮಮ್ಮ ಊಟ ಆಯ್ತಾ ಅಂತ ಕೇಳದೆ ನನಗೆ ಒಂದು ಕೆಲಸವನ್ನೂ ಹೇಳಿದವರಲ್ಲ. ನೀನು ಕೇಳಲಿಲ್ಲ."

"ಮತ್ತೆ ಅಗೆದಿದ್ಯಾಕೆ?"

"ಅವರೇ ಆಗಿದ್ದರೆ? ಅದಕ್ಕೇ ಒಂದನ್ನು ಮಾತ್ರ ಬಿಟ್ಟೆ."

ಬೇಲಿಯ ಬುಡದಲ್ಲಿ ಒಣ ಎಲೆ ಸರಿಸಿದರು. ಬೆರಳುದ್ದದ ಮೊಳಕೆ ಎದ್ದಿತ್ತು. ಮನೆಗೆ ಹೋಗಿ ಅಮ್ಮನಿಗೂ ಎಲ್ಲ ಹೇಳಿದೆ, ನನ್ನದೇ ದನಿಯಲ್ಲಿ. ಅದು ಯಾರಿಗೂ ಇಷ್ಟವಾಗಲಿಲ್ಲ. ಶಿಕ್ಷೆಯಾಗಿ ಆ ಗಿಡದ ಕಾವಲು ನನ್ನ ಪಾಲಿಗೆ ಬಂತು.

ದಸರೆಯ ದಿನ ಸರಿಯಾಗಿ ಎರಡು ಹೂ ಅರಳಿದ್ದವು. ಒಂದು ಮುಡಿಯಲ್ಲಿ, ಒಂದು ಕೈಯಲ್ಲಿ. ಕಾರಿನಲ್ಲಿ ಅಮ್ಮ ದಾರಿಯುದ್ದಕ್ಕೂ ಆಂಟಿಯ 'ಪಾಪ'ವನ್ನು ಅಭ್ಯಾಸ ಮಾಡಿದಳು. ಹೊಟ್ಟೆಕಿಚ್ಚಿನಿಂದ ಹೇಳುತ್ತೇನೆ, ನನಗಿಂತ ಚೆನ್ನಾಗಿತ್ತು.

ಆಂಟಿ ಎಂದಿನಂತೆ ಒಂದು ಹೂ ಹಿಡಿದು ಬಂದರು. ಅಮ್ಮ ನಿಧಾನವಾಗಿ ತಿರುಗಿ ಮುಡಿ ತೋರಿಸಿದಳು. ಆಮೇಲೆ ಎರಡನೆಯ ಹೂವನ್ನು ಅವರ ಕೈಗಿಟ್ಟು, "ಊಟ ಆಯ್ತಾ?" ಎಂದಳು.